ಪ್ರೋಟೀನ್ ಪಥ್ಯ: ಇಳಿದ ತೂಕ, ಉಳಿದ ಪ್ರಶ್ನೆಗಳು

ತೂಕ ಇಳಿಸಲು ಪ್ರೋಟೀನ್ ಹೆಚ್ಚಿಸುವ ಪಥ್ಯಗಳಿಗೆ ಒಂದೇ ರೂಪವಿಲ್ಲ. ನ್ಯೂಯಾರ್ಕಿನ ಹೃದ್ರೋಗ ವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಪಥ್ಯ ಬ್ರೆಡ್ಡು, ಆಲೂಗಡ್ಡೆ, ಸಕ್ಕರೆಗಳನ್ನು ದೂರವಿಟ್ಟು ಮಾಂಸ, ಮೊಟ್ಟೆ, ಬೆಣ್ಣೆಯನ್ನು ಹೊಟ್ಟೆ ತುಂಬ ತಿನ್ನಲು ಬಿಟ್ಟಿತು. ಫ್ರಾನ್ಸಿನ ಪಿಯರ್ ಡ್ಯುಕಾನ್ ಪ್ರಚಾರಕ್ಕೆ ತಂದ ಪಥ್ಯ ಕೊಬ್ಬನ್ನೂ ಕತ್ತರಿಸಿತು. ಇಂದು ಜಿಮ್‌ಗಳಲ್ಲಿ ಹೇಳಿಕೊಡುವುದು ಇನ್ನೊಂದು ಬಗೆ: ಕೋಳಿಯ ಎದೆಮಾಂಸ, ಮೊಟ್ಟೆಯ ಬಿಳಿಭಾಗ, ನೀರಿನಲ್ಲಿ ಕಲಸಿದ ವೇ ಪ್ರೋಟೀನ್ ಪುಡಿ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಹೊಗಳಿಕೆಯೂ ಭಯವೂ ಅತಿಗೆ ಹೋಗಿವೆ. ಪ್ರೋಟೀನ್ ಎಷ್ಟು ಎಂದು ಕೇಳಿದರೆ ಸಾಲದು. ಅದು ಯಾವುದರಿಂದ ಬಂತು, ಅದಕ್ಕಾಗಿ ತಟ್ಟೆಯಿಂದ ಏನು ಹೋಯಿತು, ತಿನ್ನುವವರ ಕಿಡ್ನಿ ಹೇಗಿದೆ ಎಂಬುದನ್ನೂ ಕೇಳಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ತೂಕ ಇಳಿಸುವ ಪಥ್ಯಗಳು ಇದನ್ನು ಸಾಮಾನ್ಯವಾಗಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಏರಿಸುತ್ತವೆ.

ಈ ಪಥ್ಯದ ಮುಖ್ಯ ಬಲ ಹಸಿವನ್ನು ತಣಿಸುವುದರಲ್ಲಿದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 19 ಜನರ ಆಹಾರದಲ್ಲಿ ಪ್ರೋಟೀನ್ ಪಾಲನ್ನು ಶೇಕಡಾ 15ರಿಂದ 30ಕ್ಕೆ ಏರಿಸಿ, ಬೇಕಾದಷ್ಟು ತಿನ್ನಲು ಬಿಡಲಾಯಿತು. ಯಾರೂ ತಡೆಯದಿದ್ದರೂ ಅವರ ಊಟ ದಿನಕ್ಕೆ ಸುಮಾರು 440 ಕ್ಯಾಲೊರಿಯಷ್ಟು ತಾನಾಗಿಯೇ ಕಡಿಮೆಯಾಯಿತು. 12 ವಾರಗಳಲ್ಲಿ ಸರಾಸರಿ 5 ಕಿಲೋದಷ್ಟು ತೂಕ ಇಳಿಯಿತು. ಪ್ರೋಟೀನನ್ನು ಅರಗಿಸಿಕೊಳ್ಳಲು ದೇಹ ಅದರ ಶಕ್ತಿಯ ಶೇಕಡಾ 20ರಿಂದ 30ರಷ್ಟನ್ನು ವ್ಯಯಿಸುತ್ತದೆ; ಕೊಬ್ಬಿಗೆ ಈ ಖರ್ಚು ತೀರಾ ಕಡಿಮೆ. ತೂಕ ಇಳಿಯುವಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುವುದನ್ನು ಪ್ರೋಟೀನ್ ತಕ್ಕಮಟ್ಟಿಗೆ ತಡೆಯುತ್ತದೆ, ಅದರಲ್ಲೂ ಭಾರ ಎತ್ತುವ ವ್ಯಾಯಾಮ ಜೊತೆಗಿದ್ದರೆ. ವಯಸ್ಸಾದವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಮೊದಲ ವಾರದ ಇಳಿತವನ್ನು ನಂಬಬಾರದು. ಅನ್ನ, ರೊಟ್ಟಿ ಬಿಟ್ಟಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ತೂಕದ ಯಂತ್ರ ತೋರಿಸುವ ಎರಡು ಕಿಲೋದಲ್ಲಿ ಹೆಚ್ಚಿನದು ಹೀಗೆ ಹೋದ ನೀರು. ಮತ್ತೆ ಅನ್ನ ಉಂಡ ಕೆಲವೇ ದಿನಗಳಲ್ಲಿ ಅದು ಮರಳುತ್ತದೆ.

ಕಾಲ ಸರಿದಂತೆ ಲಾಭ ತೆಳುವಾಗುತ್ತದೆ. 63 ಜನರ ಮೇಲೆ ನಡೆದ ಪ್ರಯೋಗದ 2003ರ ವರದಿಯಂತೆ, ಅಟ್ಕಿನ್ಸ್ ಪಥ್ಯ ಹಿಡಿದವರು ಆರು ತಿಂಗಳಲ್ಲಿ ಇತರರಿಗಿಂತ ಹೆಚ್ಚು ಇಳಿದಿದ್ದರು. ವರ್ಷ ತುಂಬುವ ಹೊತ್ತಿಗೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ 811 ಜನರಿಗೆ ಶೇಕಡಾ 15 ಅಥವಾ 25ರಷ್ಟು ಪ್ರೋಟೀನ್ ಇರುವ ನಾಲ್ಕು ಪಥ್ಯಗಳನ್ನು ಹಂಚಿತು. ಎರಡು ವರ್ಷಗಳ ನಂತರ ನಾಲ್ಕರ ಫಲವೂ ಹೆಚ್ಚುಕಡಿಮೆ ಒಂದೇ. ಪಥ್ಯವನ್ನು ಬಿಡದೆ ನಡೆಸಿದವರು ಇಳಿದರು, ಬಿಟ್ಟವರು ಮರಳಿದರು. ಇಳಿದ ತೂಕವನ್ನು ಕಾಯ್ದುಕೊಳ್ಳುವುದರಲ್ಲಿ ಮಾತ್ರ ಪ್ರೋಟೀನಿಗೆ ಸ್ವಲ್ಪ ಮೇಲುಗೈ ಇದೆ ಎಂದು ಎಂಟು ಯುರೋಪಿಯನ್ ದೇಶಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಅಪಾಯದ ಕಡೆ ಅತ್ಯಂತ ದಾರುಣ ಅಧ್ಯಾಯ 1970ರ ದಶಕದ ದ್ರವ ಪ್ರೋಟೀನ್ ಪಥ್ಯದ್ದು. ರಾಬರ್ಟ್ ಲಿನ್ ಎಂಬ ಅಮೆರಿಕದ ವೈದ್ಯ 1976ರ ಪುಸ್ತಕದಲ್ಲಿ ಸಾರಿದ ಈ ಪಥ್ಯದಲ್ಲಿ ದಿನಕ್ಕೆ 400 ಕ್ಯಾಲೊರಿಯೂ ಸಿಗುತ್ತಿರಲಿಲ್ಲ. ಪ್ರೋಟೀನ್ ಬಂದದ್ದು ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳ ಕೊಲಾಜನ್‌ನಿಂದ. ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಅದರಲ್ಲಿ ಇಲ್ಲ. ಪೊಟ್ಯಾಸಿಯಂನಂಥ ಖನಿಜಗಳ ಕೊರತೆಯೂ ಇತ್ತು. ಸುಮಾರು 60 ಸಾವುಗಳು ವರದಿಯಾದವು. ಹಲವರಲ್ಲಿ ಹೃದಯದ ಬಡಿತವೇ ಲಯ ತಪ್ಪಿತ್ತು. ಅವರನ್ನು ಕೊಂದದ್ದು ಅತಿ ಪ್ರೋಟೀನ್ ಅಲ್ಲ, ಪ್ರೋಟೀನಿನ ಹೆಸರಲ್ಲಿ ನಡೆದ ಉಪವಾಸ.

ಕಿಡ್ನಿಯ ವಿಷಯ ಹೆಚ್ಚು ಸೂಕ್ಷ್ಮ. ಪ್ರೋಟೀನ್ ಒಡೆದಾಗ ಹುಟ್ಟುವ ಯೂರಿಯಾವನ್ನು ಹೊರಹಾಕಲು ಕಿಡ್ನಿ ಹೆಚ್ಚು ರಕ್ತವನ್ನು ಸೋಸಬೇಕಾಗುತ್ತದೆ. ಆರೋಗ್ಯವಂತ ಕಿಡ್ನಿ ಈ ಹೊರೆಯನ್ನು ತಡೆದುಕೊಳ್ಳುತ್ತದೆ. 2003ರಲ್ಲಿ ಪ್ರಕಟವಾದ, 1,624 ಅಮೆರಿಕನ್ ಮಹಿಳೆಯರ ಅಧ್ಯಯನದಲ್ಲಿ ಕಿಡ್ನಿ ಸರಿಯಿದ್ದವರಿಗೆ ಹೆಚ್ಚು ಪ್ರೋಟೀನಿನಿಂದ ಹಾನಿ ಕಾಣಲಿಲ್ಲ. ಆಗಲೇ ತುಸು ದುರ್ಬಲವಾಗಿದ್ದವರಲ್ಲಿ ಸೋಸುವ ಶಕ್ತಿ ಬೇಗ ಕುಂದಿತು. ಈ ಪಥ್ಯಗಳ ಪರವಾಗಿ ಬರುವ ಬರಹಗಳು ಮರೆಯುವ ಮಾತು ಇಲ್ಲಿದೆ. ತೂಕ ಇಳಿಕೆಯ ಪ್ರಯೋಗಗಳು ಸಾಮಾನ್ಯವಾಗಿ ಕಿಡ್ನಿ ರೋಗಿಗಳನ್ನು ಮೊದಲೇ ಹೊರಗಿಡುತ್ತವೆ. ಆದರೆ ತೂಕ ಇಳಿಸಲು ಹೊರಡುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೇ ಬಹಳ; ಕಿಡ್ನಿಯನ್ನು ಸದ್ದಿಲ್ಲದೆ ಕೆಡಿಸುವುದೂ ಅವೇ ಎರಡು. ಅಂಥವರಿಗೆ ಕ್ರಿಯೇಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸದೆ ಈ ಪಥ್ಯ ಹೇಳುವುದು ಹೊಣೆಗೇಡಿತನ.

ಮೂಳೆ ಸವೆಯುತ್ತದೆಂಬ ಹಳೆಯ ಭಯಕ್ಕೆ ಈಗ ಅಷ್ಟು ಆಧಾರವಿಲ್ಲ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುವುದು ನಿಜ, ಕರುಳು ಹೆಚ್ಚು ಹೀರಿಕೊಳ್ಳುವುದೂ ನಿಜ. ಧಾನ್ಯ, ಹಣ್ಣುಗಳನ್ನು ಪೂರ್ತಿ ಬಿಟ್ಟಾಗ ನಾರಿನಂಶ ಇಳಿದು ಮಲಬದ್ಧತೆ ಬರುತ್ತದೆ; ಬಾಯಿವಾಸನೆ, ತಲೆನೋವೂ ಕಾಣಿಸಿಕೊಳ್ಳಬಹುದು. ಪ್ರೋಟೀನ್ ಕೆಂಪು ಮಾಂಸ, ಬೆಣ್ಣೆಗಳ ಜೊತೆಗೇ ಬಂದರೆ ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಕಾಳು, ಮೀನು, ಮೊಸರಿನಿಂದ ಬಂದರೆ ಆ ಆತಂಕ ಕಡಿಮೆ.

ಕರ್ನಾಟಕದ ಊಟಕ್ಕೆ ಈ ಚರ್ಚೆ ಬೇರೆಯದೇ ರೀತಿಯಲ್ಲಿ ತಾಗುತ್ತದೆ. ಅಮೆರಿಕದ ತಟ್ಟೆಯಲ್ಲಿ ಪ್ರೋಟೀನ್ ಆಗಲೇ ಸಾಕಷ್ಟಿತ್ತು. ಭಾರತದಲ್ಲಿ ಊಟದ ಶಕ್ತಿಯ ಸುಮಾರು ಶೇಕಡಾ 62 ಕಾರ್ಬೋಹೈಡ್ರೇಟಿನಿಂದ ಬರುತ್ತದೆಂದು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಿತು. ಊಟದ ಒಟ್ಟು ಶಕ್ತಿಯ ಶೇಕಡಾ 5ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸಿದರೆ ಮಧುಮೇಹದ ಸಂಭವ ಕಡಿಮೆಯಾಗಬಹುದೆಂದೂ ಸೂಚಿಸಿತು. ಹೀಗಾಗಿ ಇಲ್ಲಿ ಪ್ರೋಟೀನ್ ಹೆಚ್ಚಿಸುವ ಸಲಹೆಗೆ ಅರ್ಥವಿದೆ, ಅಟ್ಕಿನ್ಸನ ಅತಿರೇಕಕ್ಕಲ್ಲ. ನೂರು ಗ್ರಾಂ ತೊಗರಿಬೇಳೆಯಲ್ಲೋ ಹುರಳಿಯಲ್ಲೋ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ತಿಳಿಸಾರಿನಲ್ಲಿ ತೇಲುವ ಬೇಳೆ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಹುರಳಿಕಟ್ಟಿನ ಸಾರನ್ನಷ್ಟೇ ಉಂಡು ಕಾಳಿನ ಪಲ್ಯ ಬಿಟ್ಟವರಿಗೂ ಹೆಚ್ಚೇನೂ ದಕ್ಕುವುದಿಲ್ಲ. ಕಾಳಿನ ಜೊತೆ ಪಿಷ್ಟವೂ ಬರುವುದರಿಂದ ಪಲ್ಯ ಹೆಚ್ಚಿದಷ್ಟು ಮುದ್ದೆಯೋ ಅನ್ನವೋ ಇಳಿಯಲೇಬೇಕು. ಹಾಗೆ ಇಳಿಸಲು ಮನಸ್ಸಿಲ್ಲದೆ ಅದೇ ಊಟದ ಮೇಲೆ ಪ್ರೋಟೀನ್ ಪುಡಿಯ ಡಬ್ಬಿ ತೆರೆದರೆ ಕ್ಯಾಲೊರಿ ಏರುತ್ತದೆ, ತೂಕ ಇಳಿಯುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದೇಹ ಬೆಳೆಸಲೆಂದು ಪ್ರೋಟೀನ್ ಪುಡಿ ಬಳಸಬೇಡಿ ಎಂದು ಎಚ್ಚರಿಸಿದೆ. ತೂಕ ಇಳಿಸಲೆಂದು ಅದೇ ಪುಡಿ ಕೊಳ್ಳುವವರೂ ಆ ಎಚ್ಚರಿಕೆಯನ್ನು ಓದಬೇಕು.