‘ಜ್ಯಾಯಿ’ ಪದದ ಅರ್ಥಶೂನ್ಯತೆ: ಒಂದು ಮರುಪರಿಶೀಲನೆ

ಆಧುನಿಕ ಲಿಖಿತ ಚೀನೀ ಭಾಷೆಯ ‘ಜ್ಯಾಯಿ’ ಎಂಬ ಕ್ರಿಯಾಪದಕ್ಕೆ ‘ಮಾಡು’, ‘ನೀಡು’ ಎಂದು ಅರ್ಥ ಹೇಳುವುದು ವಾಡಿಕೆ. ಝೂ ದಶೀ ಅವರು 1985ರ ಲೇಖನದಲ್ಲಿ ಇದನ್ನು ಅರ್ಥ ಕ್ಷೀಣಿಸಿದ ಕ್ರಿಯಾಪದಗಳ ವರ್ಗಕ್ಕೆ ಸೇರಿಸಿ, ಕೆಲವು ವಾಕ್ಯಗಳಿಂದ ಇದನ್ನು ತೆಗೆದರೂ ವಾಕ್ಯಾರ್ಥಕ್ಕೆ ಬಾಧಕವಿಲ್ಲವೆಂದು ಗುರುತಿಸಿದರು. ಈ ಅವಲೋಕನ ಸರಿಯಾದುದೇ. ಆದರೆ ಇದರಿಂದ ‘ಜ್ಯಾಯಿ’ ವ್ಯಾಕರಣದಲ್ಲಿಯೂ ನಿಷ್ಕ್ರಿಯವೆಂಬ ತೀರ್ಮಾನಕ್ಕೆ ಬರುವುದನ್ನು ನಾವು ಒಪ್ಪಲಾರೆವು.

‘ದುಯ್ ವೆನ್‌ಥಿ ಜ್ಯಾಯಿ ಫೆನ್‌ಶೀ’ (ಸಮಸ್ಯೆಯನ್ನು ವಿಶ್ಲೇಷಿಸು) ಎಂಬ ಪ್ರಯೋಗವನ್ನು ಗಮನಿಸಬಹುದು. ಇಲ್ಲಿ ಕರ್ಮಪದವು ‘ದುಯ್’ ಎಂಬ ಪೂರ್ವಸರ್ಗದೊಡನೆ ಮುಂದೆ ಬಂದಿದೆ. ‘ಜ್ಯಾಯಿ ಫೆನ್‌ಶೀ’ಯ ಅನಂತರ ಅದಕ್ಕೆ ಸ್ಥಾನವಿಲ್ಲ. ‘ಜ್ಯಾಯಿ’ಯನ್ನು ಕೈಬಿಟ್ಟಾಗ ಸಹಜವಾಗಿ ಉಳಿಯುವುದು ‘ಫೆನ್‌ಶೀ ವೆನ್‌ಥಿ’. ಅಂದರೆ ‘ದುಯ್’ ಲೋಪವಾಗಿ ಪದಕ್ರಮವೇ ಬದಲಾಗುತ್ತದೆ. ಆದ್ದರಿಂದ ಇಂಥ ವಾಕ್ಯಗಳಲ್ಲಿ ನಡೆಯುವುದು ಲೋಪವಲ್ಲ, ಪುನಾರಚನೆ.

ಎರಡನೆಯ ನಿರ್ಬಂಧ ಛಂದೋಲಯದ್ದು. ‘ಜ್ಯಾಯಿ’ಯ ಮುಂದೆ ‘ಫೆನ್‌ಶೀ’ಯಂಥ ದ್ವ್ಯಕ್ಷರ ಕ್ರಿಯೆ ಬೇಕು, ‘ಖಾನ್‌’ (ನೋಡು) ಎಂಬ ಏಕಾಕ್ಷರ ಕ್ರಿಯೆ ಸಲ್ಲದು. ‘ಯೆನ್‌’ (ಕಟ್ಟುನಿಟ್ಟಾಗಿ) ಎಂಬ ಏಕಾಕ್ಷರ ವಿಶೇಷಣ ಹಿಂದೆ ಬಂದಾಗ ‘ಯಿ’ ಬಿದ್ದುಹೋಗಿ ‘ಯೆನ್‌ಜ್ಯಾ ಗ್ವಾನ್‌ಲಿ’ (ಕಟ್ಟುನಿಟ್ಟಾಗಿ ನಿರ್ವಹಿಸು) ಎಂದಾಗುತ್ತದೆ. ಎರಡೆರಡು ಅಕ್ಷರಗಳ ಗಣ ಉಳಿಯಬೇಕೆಂಬುದೇ ಇದರ ಕಾರಣವೆಂದು ನಮ್ಮ ಅಭಿಮತ.

ಮೂರನೆಯದಾಗಿ, ಇದೇ ವರ್ಗದ ‘ಜಿನ್‌ಶಿಂಗ್’ ಕ್ರಿಯಾಪದವು ‘ಹುಯ್‌ಥಾನ್’ (ಮಾತುಕತೆ) ಎಂಬ ಅಕರ್ಮಕದೊಡನೆಯೂ ಕೂಡುತ್ತದೆ, ‘ಜ್ಯಾಯಿ’ ಕೂಡುವುದಿಲ್ಲ. ಕ್ರಿಯೆಗೆ ಗುರಿಯಾಗುವ ವಸ್ತುವೊಂದನ್ನು ಅದು ಅಪೇಕ್ಷಿಸುತ್ತದೆ. ಎರಡೂ ಪದಗಳು ಸಮಾನವಾಗಿ ಶೂನ್ಯವಾಗಿದ್ದರೆ ಈ ವ್ಯತ್ಯಾಸಕ್ಕೆ ಆಧಾರವೇ ಇರುತ್ತಿರಲಿಲ್ಲ.

ಕನ್ನಡಾನುವಾದದಲ್ಲಿ ಇದರ ಪರಿಣಾಮ ಸ್ಪಷ್ಟ. ‘ಸಮಸ್ಯೆಯನ್ನು ವಿಶ್ಲೇಷಣೆ ಮಾಡು’ ಎಂಬಲ್ಲಿನ ‘ಮಾಡು’ ಆಡುಮಾತಿಗೂ ಬರಹಕ್ಕೂ ಸಮಾನ; ‘ಜ್ಯಾಯಿ’ಯಾದರೋ ಗ್ರಾಂಥಿಕ ಶೈಲಿಗೆ ಸೇರಿದ್ದು. ‘ವಿಶ್ಲೇಷಣೆಗೆ ಒಳಪಡಿಸು’ ಎಂಬುದು ಶೈಲಿಯಲ್ಲಿ ಮಾತ್ರವಲ್ಲ, ಕ್ರಿಯೆಗೆ ಗುರಿಯಾಗುವ ವಸ್ತುವನ್ನು ಅಪೇಕ್ಷಿಸುವುದರಲ್ಲಿಯೂ ಅದಕ್ಕೆ ಹತ್ತಿರವಾದುದು. ಅಕ್ಷರಸಂಖ್ಯೆಯ ನಿರ್ಬಂಧಕ್ಕೆ ಮಾತ್ರ ಕನ್ನಡದಲ್ಲಿ ಪ್ರತಿರೂಪವಿಲ್ಲ.

ಆದಕಾರಣ ನಿಘಂಟಿನ ನಮೂದು ಸಮಾನಾರ್ಥಕವೊಂದನ್ನು ಕೊಟ್ಟು ಮುಗಿಯಬಾರದು. ಕರ್ಮದ ಸ್ಥಾನ, ಅಕ್ಷರಸಂಖ್ಯೆ, ಸಕರ್ಮಕತೆ, ಶೈಲಿ ಈ ನಾಲ್ಕನ್ನೂ ದಾಖಲಿಸಬೇಕು. ‘ಜ್ಯಾಯಿ’ಯಲ್ಲಿ ಕ್ಷೀಣಿಸಿರುವುದು ಪದಾರ್ಥವೇ ಹೊರತು ವ್ಯಾಕರಣವಲ್ಲ.