ಕಂಚಿನ ಕಂಠ, ಗಟ್ಟಿ ಕಾಲು

ಅಂಗಡಿಯಲ್ಲಿ ಡ್ರಮ್ ಸೆಟ್ಟಿನಷ್ಟು ಥಳಥಳಿಸುವ ವಾದ್ಯ ಇನ್ನೊಂದಿಲ್ಲ. ವೀಣೆಗೆ ಗಾಂಭೀರ್ಯವಿದೆ, ಹಾರ್ಮೋನಿಯಮ್ಮಿಗೆ ಮನೆಮಂದಿಯ ಸಲಿಗೆಯಿದೆ. ಆದರೆ ಕೆಂಪು ನೀಲಿ ಮೆರುಗು ಹಚ್ಚಿಕೊಂಡು, ಬೆಳ್ಳಿಬಣ್ಣದ ಕಾಲುಗಳ ಮೇಲೆ ನಿಂತು, ತಲೆಯ ಮೇಲೆ ಹೊಂಬಣ್ಣದ ತಟ್ಟೆಗಳನ್ನು ಹೊತ್ತ ಡ್ರಮ್ ಸೆಟ್ಟಿಗೆ ಮದುಮಗನ ಠೀವಿ. ಮದುಮಗನನ್ನು ಮದುವೆಯ ದಿನ ನೋಡಿ ಅಳೆಯಬಾರದೆಂದು ನಮಗೆಲ್ಲ ಗೊತ್ತು. ಡ್ರಮ್ ಸೆಟ್ಟೂ ಹಾಗೆಯೇ. ನೂರನೆಯ ಸಲ ಬಿಚ್ಚಿ, ಟೆಂಪೋಗೆ ಹೇರಿ, ಮತ್ತೊಂದು ಊರಿನ ಗಣೇಶನ ಪೆಂಡಾಲಿನಲ್ಲಿ ಕಟ್ಟಿದಾಗ ಅದು ಹೇಗೆ ನಿಲ್ಲುತ್ತದೆ, ಹೇಗೆ ನುಡಿಯುತ್ತದೆ ಎಂಬುದೇ ಅದರ ನಿಜವಾದ ಪರೀಕ್ಷೆ.

ಪುಸ್ತಕಕ್ಕೆ ವಿಮರ್ಶೆಯುಂಟು, ಸಿನಿಮಾಕ್ಕೆ ಉಂಟು, ಕಛೇರಿಗೂ ಉಂಟು. ಕಛೇರಿ ನಡೆಸುವ ವಾದ್ಯಕ್ಕೆ ಮಾತ್ರ ಇಲ್ಲ. ಅದನ್ನು ಅಂಗಡಿಯವರ ಬಾಯಿಗೆ ಬಿಟ್ಟಿದ್ದೇವೆ. ಈ ಕೊರತೆ ನನ್ನ ಗಮನಕ್ಕೆ ಬಂದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದವಳು ಈಗ ಜಿಲ್ಲಾ ಕೇಂದ್ರದ ಆರ್ಕೆಸ್ಟ್ರಾ ಒಂದರಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಸ್ವಂತ ಸೆಟ್ ಇದ್ದರೆ ಕಾಯಂ ಜಾಗ, ಇಲ್ಲದಿದ್ದರೆ ಬದಲಿಯವಳು. ಅವಳ ತಾಯಿ ನನ್ನಲ್ಲಿ ಹೇಳಿದ್ದು ಇಷ್ಟು: “ಮೇಡಂ, ಮೊದಲು ಅಗ್ಗದ್ದೊಂದು ಕೊಡಿಸೋಣ, ನಡೆದರೆ ಆಮೇಲೆ ನೋಡೋಣ ಅಂತಾರೆ ನಮ್ಮ ಮನೆಯವರು. ನೀವೇನಂತೀರಿ?”

ಈ ‘ಅಗ್ಗದ್ದೊಂದು’ ಎಂಬ ಮಾತಿಗೇ ನನ್ನ ಮುಖ್ಯ ಆಕ್ಷೇಪಣೆ. ಕೈಯಲ್ಲಿ ಹಣವಿಲ್ಲದಿರುವುದು ತಪ್ಪಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಆದರೆ ಅಗ್ಗದ ವಾದ್ಯ ಮಾಡುವ ಕೇಡು ಹಣದ್ದಷ್ಟೇ ಅಲ್ಲ. ಪೆಡಲಿನ ಸ್ಪ್ರಿಂಗು ಸಡಿಲವಾದರೆ ಕಾಲಿನ ಪೆಟ್ಟು ತಡವಾಗಿ ಬೀಳುತ್ತದೆ. ಕೇಳಿದವರು “ಹುಡುಗಿಗೆ ತಾಳ ನಿಲ್ಲುವುದಿಲ್ಲ” ಎನ್ನುತ್ತಾರೆ. ಸ್ಟ್ಯಾಂಡಿನ ತಿರುಪು ಜಾರಿ ಹಾಡಿನ ನಡುವೆ ಸಿಂಬಲ್ ವಾಲಿದರೆ ಸಭೆ ನಗುವುದು ಸ್ಟ್ಯಾಂಡನ್ನು ನೋಡಿಯಲ್ಲ, ಅವಳನ್ನು ನೋಡಿ. ಒಂದು ವರ್ಷದಲ್ಲಿ ಸೆಟ್ ಮೂಲೆ ಸೇರುತ್ತದೆ. ಆಗ ಮನೆಯಲ್ಲಿ “ನೋಡಿದೆಯಾ, ನಾಲ್ಕು ದಿನದ ಹುಚ್ಚು ಅಂತ ಅಂದೇ ಹೇಳಿದ್ದೆ” ಎಂಬ ತೀರ್ಪು. ವಾದ್ಯದ ದೋಷ ಹುಡುಗಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಹೊಲಿಗೆ ಕಲಿತವಳು ಅಂಗಡಿ ಇಡುತ್ತೇನೆಂದರೆ ಆಟದ ಯಂತ್ರ ತಂದುಕೊಡುತ್ತೇವೆಯೇ? ದುಡಿಯುವವಳ ಡ್ರಮ್ ಸೆಟ್ಟೂ ಹೊಲಿಗೆ ಯಂತ್ರದ ಸಾಲಿಗೇ ಸೇರಿದ್ದು.

ಡ್ರಮ್ ಸೆಟ್ಟು ಹುಟ್ಟಿದ್ದೇ ಮಿತವ್ಯಯದಿಂದ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಮೆರವಣಿಗೆಯ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮಿಗೊಬ್ಬ, ಚಿಕ್ಕದಕ್ಕೊಬ್ಬ, ತಾಳದ ತಟ್ಟೆಗಳಿಗೆ ಇನ್ನೊಬ್ಬ. ನಾಟಕಶಾಲೆ, ನೃತ್ಯಶಾಲೆಗಳ ಇಕ್ಕಟ್ಟಿನಲ್ಲಿ ಈ ಮೂವರ ಕೆಲಸ ಒಬ್ಬರ ಪಾಲಿಗೆ ಬಂತು. 1909ರಲ್ಲಿ ಶಿಕಾಗೋ ನಗರದಲ್ಲಿ ವಿಲಿಯಂ ಲುಡ್ವಿಗ್ ವೇಗವಾಗಿ ಓಡುವ ಕಾಲ್ಪೆಡಲ್ ತಯಾರಿಸಿ, ಸೋದರ ಥಿಯೊಬಾಲ್ಡನೊಡನೆ ಕಂಪನಿ ತೆರೆದ. ದೊಡ್ಡ ಡ್ರಮ್ಮು ಕೈಯಿಂದ ಕಾಲಿಗೆ ಇಳಿಯಿತು. ಎರಡು ಕೈ, ಎರಡು ಕಾಲು, ನಾಲ್ಕಕ್ಕೂ ಬೇರೆ ಬೇರೆ ಕೆಲಸ! ಬೆಳಗಿನ ಏಳು ಗಂಟೆಯ ಅಡುಗೆಮನೆಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಮೊದಲು ಡ್ರಮ್ಮಿನ ಮುಖಕ್ಕೆ ಕರುವಿನ ಚರ್ಮ ಬಿಗಿಯುತ್ತಿದ್ದರು. ತೇವಕ್ಕೆ ಅದು ಸಡಿಲ, ಬಿಸಿಲಿಗೆ ಬಿಗಿ. ಮೃದಂಗ ತಬಲಾದವರ ಮನೆಯವರಿಗೆ ಈ ಕಷ್ಟ ಗೊತ್ತು. 1956–57ರ ಸುಮಾರಿಗೆ ಚಿಕ್ ಇವಾನ್ಸ್, ರೆಮೋ ಬೆಲ್ಲಿ ಮುಂತಾದವರು ಪಾಲಿಯೆಸ್ಟರ್ ಹಾಳೆಯ ಮುಖಗಳನ್ನು ಮಾರುಕಟ್ಟೆಗೆ ತಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ತಪ್ಪಿತು. ಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು: ನಾದದ ದೊಡ್ಡ ಪಾಲು ಇರುವುದು ಈ ಹಾಳೆಯಲ್ಲಿ ಮತ್ತು ಅದನ್ನು ಶ್ರುತಿ ಮಾಡುವ ಕೈಯಲ್ಲಿ. ಹಾಳೆ ಸವೆಯುವ ವಸ್ತು, ಬದಲಾಯಿಸಬಹುದು. ಅಂಗಡಿಯಲ್ಲಿ ಮಂಕಾಗಿ ನುಡಿದ ಸೆಟ್ಟು ಹೊಸ ಹಾಳೆ ಹಾಕಿದೊಡನೆ ಬಾಯಿಬಿಡಬಹುದು. ಹಾಗೆಯೇ ಅಂಗಡಿಯಲ್ಲಿ ಗುಡುಗಿದ್ದೆಲ್ಲ ಒಳ್ಳೆಯ ಸೆಟ್ಟೆಂದೂ ಅಲ್ಲ. ಆದ್ದರಿಂದ ಕಿವಿಯ ತೀರ್ಪಿಗಿಂತ ಮೊದಲು ಕಣ್ಣು ಮತ್ತು ಕೈಗಳ ತೀರ್ಪು ಬರಲಿ.

ಮರದ ಒಡಲನ್ನು ಅಂಗಡಿಯವರು ಶೆಲ್ ಎನ್ನುತ್ತಾರೆ. ನಮ್ಮ ಮೃದಂಗದ ಹಾಗೆ ಹಲಸಿನ ದಿಮ್ಮಿಯನ್ನು ಕೊರೆದು ಮಾಡಿದ್ದಲ್ಲ ಅದು. ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಬಾಗಿಸಿದ್ದು. ಮೇಪಲ್, ಬರ್ಚ್, ಪಾಪ್ಲರ್, ಮಹಾಗನಿ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಬರ್ಚ್ ಎಂದರೆ ಹೊರಗಿನದೆಂದು ತಿಳಿಯಬೇಕಾಗಿಲ್ಲ, ನಮ್ಮ ಪೂರ್ವಿಕರು ಬರೆದಿಟ್ಟ ಭೂರ್ಜಪತ್ರದ ಭೂರ್ಜವೃಕ್ಷದ ಕುಲವೇ ಅದು, ಹೆಸರುಗಳೂ ನೆಂಟರೇ. ಮರದ ಬಗ್ಗೆ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ಮರದ ಹೆಸರಿಗಿಂತ ಮುಖ್ಯವಾದದ್ದು ಹಾಳೆ ಕೂರುವ ಅಂಚು. ಅದು ಎಲ್ಲೆಡೆ ಸಮನಾಗಿಲ್ಲದಿದ್ದರೆ ಎಷ್ಟು ತಿರುಪು ತಿರುಗಿಸಿದರೂ ಶ್ರುತಿ ನಿಲ್ಲದು. ಪರೀಕ್ಷೆ ಸುಲಭ. ಹಾಳೆ ಬಿಚ್ಚಿಸಿ, ಶೆಲ್ಲನ್ನು ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಇಟ್ಟು, ಒಳಗೊಂದು ಟಾರ್ಚ್ ಹೊತ್ತಿಸಿ. ಅಂಚಿನಡಿ ಬೆಳಕು ಸೋರಿದರೆ ಆ ಡ್ರಮ್ಮು ಬೇಡ.

ಇನ್ನು ಕಾಲುಗಳು. ಸ್ಟ್ಯಾಂಡು, ಪೆಡಲು, ತಿರುಪು, ಕೊಂಡಿ, ಇವನ್ನೆಲ್ಲ ಒಟ್ಟಾಗಿ ಹಾರ್ಡ್‌ವೇರ್ ಎನ್ನುತ್ತಾರೆ. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಓಡಾಡುವ ಸೆಟ್ಟಿನಲ್ಲಿ ಮೊದಲು ಕೈಕೊಡುವುದು ಶೆಲ್ ಅಲ್ಲ, ಇವು. ಸ್ಟ್ಯಾಂಡಿನ ಕಾಲು ಒಂಟಿ ಪಟ್ಟಿಯದೋ ಜೋಡಿ ಪಟ್ಟಿಯದೋ ನೋಡಿ. ಭಾರದ ಸಿಂಬಲ್ ಹೊರಲು ಜೋಡಿ ಪಟ್ಟಿಯದೇ ಒಳ್ಳೆಯದು. ತಿರುಪುಗಳನ್ನು ಹತ್ತು ಸಲ ಬಿಗಿದು ಸಡಿಲಿಸಿ. ಮರೆ ಜಾರುವ ಸೂಚನೆ ಅಂಗಡಿಯಲ್ಲೇ ಸಿಗುತ್ತದೆ. ಡ್ರಮ್ಮಿನ ಮುಖಕ್ಕೆ ತೊಡಿಸುವ ಲೋಹದ ಬಳೆ 1.6 ಮಿಲಿಮೀಟರಿನದೋ 2.3 ಮಿಲಿಮೀಟರಿನದೋ ಕೇಳಿ. ದಪ್ಪದ್ದು ಬೇಗ ಸೊಟ್ಟಗಾಗದು. ಹೆಸರಿಲ್ಲದ ಸೆಟ್ಟುಗಳ ದೊಡ್ಡ ಪಾಪವೆಂದರೆ ಬಿಡಿಭಾಗ. ಹೆಸರಾಂತ ತಯಾರಕರ ಸೆಟ್ಟಿಗೆ 10, 12, 14, 16, 22 ಅಂಗುಲದ ಹಾಳೆ ಯಾವ ಕಂಪನಿಯದಾದರೂ ಕೂರುತ್ತದೆ. ಅಳತೆ ತಪ್ಪಿದ ಸೆಟ್ಟಿಗೆ ಹೊಸ ಹಾಳೆ ತಂದರೆ ಮಡಕೆಗೆ ಬೇರೆ ಪಾತ್ರೆಯ ಮುಚ್ಚಳ ತಂದಂತೆ.

ಸಿಂಬಲ್ಲಿನ ವಿಷಯದಲ್ಲಿ ನಾವು ಹೆಂಗಸರು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. ಕಂಚಿಗೂ ಹಿತ್ತಾಳೆಗೂ ಇರುವ ವ್ಯತ್ಯಾಸ ನಮ್ಮ ಬೆರಳ ಗಂಟಿಗೆ ಗೊತ್ತು. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ಕನ್ನಡದಲ್ಲಿ ‘ಕಂಚಿನ ಕಂಠ’ ಎನ್ನುತ್ತೇವೆಯೇ ಹೊರತು ಹಿತ್ತಾಳೆಯ ಕಂಠ ಎಂದು ಯಾರೂ ಹೊಗಳುವುದಿಲ್ಲ. ಒಳ್ಳೆಯ ಸಿಂಬಲ್ಲಿನ ಕಂಚಿನಲ್ಲಿ 80 ಪಾಲು ತಾಮ್ರ, 20 ಪಾಲು ತವರ. 1623ರಲ್ಲಿ ಇಸ್ತಾಂಬುಲಿನಲ್ಲಿ ಆರಂಭವಾಗಿ ಈಗ ಅಮೆರಿಕದಲ್ಲಿರುವ ಜಿಲ್ಜಿಯನ್ ಮನೆತನದ ಕಂಪನಿ ಇದಕ್ಕೇ ಪ್ರಸಿದ್ಧ. ಅದಕ್ಕಿಂತ ಕಡಿಮೆ ಬೆಲೆಗೆ 92 ಪಾಲು ತಾಮ್ರ, 8 ಪಾಲು ತವರದ ತಗಡಿನಿಂದ ಮಾಡಿದ್ದು ಸಿಗುತ್ತದೆ, ಅದೂ ನಡೆದೀತು. ಆದರೆ ಸೆಟ್ಟಿನೊಡನೆ ಉಚಿತವೆಂದು ಕೊಡುವ ಹಿತ್ತಾಳೆಯ ತಟ್ಟೆಗಳ ದನಿ ಕೇಳಿದರೆ ಕೆಲಸದವಳು ಬಾಗಿಲಲ್ಲಿ ಪಾತ್ರೆ ಬೀಳಿಸಿದಳೇನೋ ಎನಿಸುತ್ತದೆ. ಡ್ರಮ್ಮಿನ ದೋಷವನ್ನು ಹೊಸ ಹಾಳೆಯಿಂದ ಮುಚ್ಚಬಹುದು. ಸಿಂಬಲ್ಲಿನ ದೋಷಕ್ಕೆ ಮದ್ದಿಲ್ಲ. ಕಂಚು ಹಟಮಾರಿಯೂ ಹೌದು. ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ. ಸ್ಟ್ಯಾಂಡಿನ ಕಡ್ಡಿಗೆ ತೊಡಿಸುವ ಪ್ಲಾಸ್ಟಿಕ್ಕಿನ ಚಿಕ್ಕ ಕೊಳವೆ ಸವೆದರೆ ನಡುವಿನ ತೂತು ಉದ್ದಕ್ಕೆ ಕೊರೆದುಹೋಗುತ್ತದೆ. ಅಷ್ಟು ಬೆಲೆಯ ತಟ್ಟೆಯನ್ನು ಕಾಯುವುದು ನಾಲ್ಕು ಕಾಸಿನ ಆ ಕೊಳವೆ.

ಇಷ್ಟು ತಿಳಿದ ಮೇಲೆ, ಆರ್ಕೆಸ್ಟ್ರಾದವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಎರಡು ಸೆಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಪರ್ಲ್ ಕಂಪನಿಯ ಎಕ್ಸ್‌ಪೋರ್ಟ್ 1982ರಲ್ಲಿ ಬಂದದ್ದು. ಈಗಿನದರ ಶೆಲ್ ಪಾಪ್ಲರ್ ಮತ್ತು ಏಷ್ಯಾದ ಮಹಾಗನಿಯದು. ಅದರ ಗುಣವೆಂದರೆ ಸ್ಟ್ಯಾಂಡು, ಪೆಡಲುಗಳ ಸಮೇತ ಸಿಗುವುದು, ಆ ಸ್ಟ್ಯಾಂಡುಗಳೂ ಹೊರೆ ಹೊರುವಂಥವಾಗಿರುವುದು. ಕೊರತೆಯೆಂದರೆ ಭಾರ, ಮೂರನೆಯ ಮಹಡಿಯ ಸಭಾಂಗಣಕ್ಕೆ ಹತ್ತಿಸುವಾಗ ಗೊತ್ತಾಗುತ್ತದೆ. ಯಮಹಾದ ಸ್ಟೇಜ್ ಕಸ್ಟಮ್ 1990ರ ದಶಕದ ನಡುವಿನದು. ಮೊದಲ ವರ್ಷಗಳಲ್ಲಿ ಬೇರೆ ಮರಗಳ ಬೆರಕೆ ಇತ್ತು. ಈಗಿನದು ಆರು ಪದರದ ಪೂರ್ತಿ ಬರ್ಚ್. ಹಳೆಯದನ್ನು ಕೊಳ್ಳುವವರು ಇದನ್ನು ಕೇಳಿ ತಿಳಿಯಬೇಕು. ಅದರ ದನಿ ಚುರುಕು, ಮಾತು ಸ್ಪಷ್ಟ. ಕೀಬೋರ್ಡು, ಗಿಟಾರುಗಳ ಗದ್ದಲದಲ್ಲಿ ಪೆಟ್ಟು ಕಲಸಿಹೋಗುವುದಿಲ್ಲ. ಆದರೆ ಅದನ್ನು ಬಹಳ ಕಡೆ ಶೆಲ್‌ಗಳನ್ನಷ್ಟೇ ಸೇರಿಸಿ ಮಾರುತ್ತಾರೆ. ಹೇಳಿದ ಬೆಲೆಯಲ್ಲಿ ಸ್ಟ್ಯಾಂಡಿಲ್ಲ, ಪೆಡಲಿಲ್ಲ, ಸಿಂಬಲ್ಲಿಲ್ಲ. ಬರೀ ಗೋಡೆಗಳಿರುವ ಮನೆ ಕೊಂಡ ಹಾಗೆ. ಈ ಮಾತನ್ನು ಮೊದಲೇ ಹೇಳುವ ಅಂಗಡಿಯವರು ಕಡಿಮೆ.

ನನ್ನ ತೀರ್ಮಾನ ಹೀಗೆ. ಏನೂ ಇಲ್ಲದೆ ಆರಂಭಿಸುವವಳಿಗೆ ಎಕ್ಸ್‌ಪೋರ್ಟ್ ವಾಸಿ. ಸಹವಾದಕರಿಂದ ಸ್ಟ್ಯಾಂಡು ಪೆಡಲು ಸಿಕ್ಕುವ ಹಾಗಿದ್ದರೆ, ಅಥವಾ ಒಂದೊಂದಾಗಿ ಕೂಡಿಸುವ ತಾಳ್ಮೆಯಿದ್ದರೆ ಸ್ಟೇಜ್ ಕಸ್ಟಮ್. ಎರಡನ್ನೂ ಹೊಸದಾಗಿ ಕೊಳ್ಳಲಾಗದಿದ್ದರೆ, ಹೆಸರಿಲ್ಲದ ಹೊಸ ಸೆಟ್ಟಿಗಿಂತ ಇವೆರಡರಲ್ಲೊಂದರ ಹಳೆಯ ಸೆಟ್ಟು ಮೇಲು. ಮೈಮೇಲಿನ ಗೀರು ನೋಡಿ ಹಿಂಜರಿಯಬೇಡಿ; ಗೀರು ಬೆಲೆ ಇಳಿಸುತ್ತದೆ, ದನಿಯನ್ನಲ್ಲ. ತುಕ್ಕು ಹಿಡಿದ ತಿರುಪು, ಸೊಟ್ಟಗಾದ ಬಳೆ, ಬೆಳಕು ಸೋರುವ ಅಂಚು, ಇವನ್ನು ನೋಡಿ ಹಿಂಜರಿಯಿರಿ.

ಜಾಗದ ಮಾತೂ ಇದೆ. 22 ಅಂಗುಲದ ದೊಡ್ಡ ಡ್ರಮ್ಮು ಆಟೋದಲ್ಲಿ ಹಿಡಿಯುವುದು ಕಷ್ಟ. ಅಮೆರಿಕದ ವಾದಕ ಕ್ವೆಸ್ಟ್‌ಲವ್ ಲುಡ್ವಿಗ್ ಕಂಪನಿಯೊಡನೆ ಸೇರಿ 2013ರಲ್ಲಿ ರೂಪಿಸಿದ ಬ್ರೇಕ್‌ಬೀಟ್ಸ್ ಎಂಬ ಚಿಕ್ಕ ಸೆಟ್ಟಿನಲ್ಲಿ ದೊಡ್ಡ ಡ್ರಮ್ಮು 16 ಅಂಗುಲ ಮಾತ್ರ. ಮದುವೆಯ ಚಿಕ್ಕ ವೇದಿಕೆಗೆ ಅಂಥದು ಹಿತ. ಬಯಲಿನ ಪೆಂಡಾಲಿಗೆ ಮೈಕಿನ ಹಂಗಿಲ್ಲದೆ ಸಾಲದು. ಹಾಗಿದ್ದರೆ ಆಕ್ಟೋಪ್ಯಾಡೇ ಸಾಲದೇ ಎಂದು ಕೇಳುವವರಿದ್ದಾರೆ. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ತಂದ ಎಂಟು ಚೌಕಗಳ ಆ ಪೆಟ್ಟಿಗೆ ನಮ್ಮ ಆರ್ಕೆಸ್ಟ್ರಾಗಳ ಮುದ್ದಿನ ಕೂಸು. ಕಂಕುಳಲ್ಲಿ ಹೊತ್ತೊಯ್ಯಬಹುದು, ಢೋಲಕ್ಕಿನಿಂದ ಗೆಜ್ಜೆಯವರೆಗೆ ಎಲ್ಲ ದನಿಯೂ ಉಂಟು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಕರೆಂಟು ಹೋದರೆ ಅದು ಮೂಕ. ಪೆಟ್ಟಿನ ಮೃದು ಕಠಿಣಗಳಿಗೆ ನಿಜವಾದ ಹಾಳೆ ಸ್ಪಂದಿಸುವಷ್ಟು ರಬ್ಬರು ಸ್ಪಂದಿಸದು. ಡ್ರಮ್ಸ್ ಕಲಿತ ಕೈ ಆಕ್ಟೋಪ್ಯಾಡಿಗೆ ಬೇಗ ಹೊಂದುತ್ತದೆ. ಕಾಲಿಗೆ ಕೆಲಸ ಕಲಿಸದೆ ಆಕ್ಟೋಪ್ಯಾಡಿನಿಂದ ಡ್ರಮ್ಸಿಗೆ ಬರುವುದು ಅಷ್ಟು ಸುಲಭವಲ್ಲ.

ಹೆಣ್ಣಿಗೆ ಇದೆಲ್ಲ ಏಕೆ ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. 1912ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವಯೋಲಾ ಸ್ಮಿತ್ ಅಕ್ಕತಂಗಿಯರ ವಾದ್ಯಮೇಳದಲ್ಲಿ ಬೆಳೆದು, ಭುಜದೆತ್ತರಕ್ಕೆ ಎರಡು ಡ್ರಮ್ಮುಗಳನ್ನು ನಿಲ್ಲಿಸಿಕೊಂಡು ಬಾರಿಸಿ ಹೆಸರಾದವಳು. 1942ರಲ್ಲಿ, ಗಂಡಸರೆಲ್ಲ ಯುದ್ಧಕ್ಕೆ ಹೊರಟಾಗ, ಹೆಣ್ಣು ವಾದಕರಿಗೂ ದೊಡ್ಡ ತಂಡಗಳಲ್ಲಿ ಅವಕಾಶ ಕೊಡಿ ಎಂದು ಸಂಗೀತ ಪತ್ರಿಕೆಯೊಂದರಲ್ಲಿ ಬರೆದಳು. 2020ರಲ್ಲಿ ತೀರಿಕೊಂಡಾಗ ಅವಳಿಗೆ 107 ವರ್ಷ. ಇನ್ನೊಬ್ಬಳು ಹಾಡುಗಾರ್ತಿಯೆಂದೇ ಎಲ್ಲರೂ ಬಲ್ಲ ಕ್ಯಾರೆನ್ ಕಾರ್ಪೆಂಟರ್. ಶಾಲೆಯ ಬ್ಯಾಂಡಿನಿಂದ ಬಂದ ಆ ಹುಡುಗಿ 1964ರಲ್ಲಿ ಮನೆಯವರನ್ನು ಒಪ್ಪಿಸಿ ಲುಡ್ವಿಗ್ ಸೆಟ್ಟು ಕೊಡಿಸಿಕೊಂಡಳು. ಗಮನಿಸಿ, ಆ ಮನೆಯವರು ‘ಅಗ್ಗದ್ದೊಂದು’ ಕೊಡಿಸಲಿಲ್ಲ. ದುಡಿಯುವ ವಾದಕರು ಬಾರಿಸುವಂಥದನ್ನೇ ಮಗಳ ಕೈಗೆ ಕೊಟ್ಟರು. ಅವಳು ತನ್ನನ್ನು ಹಾಡುವ ಡ್ರಮ್ಮರ್ ಎಂದೇ ಕರೆದುಕೊಂಡಳು.

ಎಲ್ಲರ ಮಗಳೂ ಕ್ಯಾರೆನ್ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ತಿಂಗಳಿಗೆ ನಾಲ್ಕು ಕಾರ್ಯಕ್ರಮ ಸಿಕ್ಕಿ, ಮರ್ಯಾದೆಯಿಂದ ಸಂಭಾವನೆ ಎಣಿಸಿಕೊಂಡರೆ ಅದೇ ದೊಡ್ಡದು. ಆದ್ದರಿಂದ ಹಣ ಹಂಚುವ ಕ್ರಮ ಹೀಗಿರಲಿ: ಮೊದಲು ಪೆಡಲು ಮತ್ತು ಸ್ಟ್ಯಾಂಡು, ಬಳಿಕ ಒಂದು ಜೊತೆ ಹೈಹ್ಯಾಟ್ ಮತ್ತು ಒಂದೇ ಒಂದು ಒಳ್ಳೆಯ ಕಂಚಿನ ಸಿಂಬಲ್, ಆಮೇಲೆ ಡ್ರಮ್ಮುಗಳು, ಅವಕ್ಕೆ ದಪ್ಪ ಬಟ್ಟೆಯ ಚೀಲಗಳು, ವೇದಿಕೆಯಲ್ಲಿ ಜಾರದಂತೆ ಕೆಳಗೆ ಹಾಸಲು ಹಳೆಯದೊಂದು ಜಮಖಾನ. ಬಣ್ಣ ಕಟ್ಟಕಡೆಗೆ. ಚೀಲ ಹೊಲಿಯುವುದು ಮನೆಯಲ್ಲೇ ಆದೀತು. ಬಿಲ್ಲು ಮಾತ್ರ ಹುಡುಗಿಯ ಹೆಸರಿನಲ್ಲೇ ಇರಲಿ.