ಲಕ್ಷ ಪಾಯಿಂಟ್ ಎಂದರೆ ಎಷ್ಟು ದುಡ್ಡು?

2016ರ ಆಗಸ್ಟ್‌ನಲ್ಲಿ ಅಮೆರಿಕದ ಚೇಸ್ ಬ್ಯಾಂಕ್ ಸಫೈರ್ ರಿಸರ್ವ್ ಕಾರ್ಡ್ ಹೊರತಂದಿತು. ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದವರಿಗೆ ಸ್ವಾಗತದ ಬೋನಸ್ 1,00,000 ಪಾಯಿಂಟ್. ಜನ ಮುಗಿಬಿದ್ದ ರಭಸಕ್ಕೆ ಕಾರ್ಡ್ ತಯಾರಿಸುವ ಲೋಹವೇ ಸಾಲದಾಗಿ, ಹಲವರಿಗೆ ತಾತ್ಕಾಲಿಕವಾಗಿ ಪ್ಲಾಸ್ಟಿಕ್ ಕಾರ್ಡ್ ಕಳಿಸಬೇಕಾಯಿತು. ಇದರಿಂದ ವರ್ಷದ ಕೊನೆಯ ತ್ರೈಮಾಸಿಕದ ಲಾಭಕ್ಕೆ 20ರಿಂದ 30 ಕೋಟಿ ಡಾಲರ್ ಪೆಟ್ಟು ಬೀಳಲಿದೆ ಎಂದು ಬ್ಯಾಂಕಿನ ಮುಖ್ಯಸ್ಥ ಜೇಮಿ ಡೈಮನ್ ಅವರೇ ಹೇಳಿದರು. ಮರುವರ್ಷದ ಜನವರಿಯಲ್ಲಿ ಆನ್‌ಲೈನ್ ಅರ್ಜಿದಾರರಿಗೆ ಬೋನಸ್ ಅರ್ಧಕ್ಕಿಳಿಯಿತು.

ಆ ಲಕ್ಷ ಪಾಯಿಂಟಿಗೆ ಒಂದೇ ಬೆಲೆ ಇರಲಿಲ್ಲ. ನಗದು ಮಾಡಿಕೊಂಡರೆ 1,000 ಡಾಲರ್. ಬ್ಯಾಂಕಿನದೇ ಪೋರ್ಟಲ್‌ನಲ್ಲಿ ವಿಮಾನವನ್ನೋ ಹೋಟೆಲನ್ನೋ ಬುಕ್ ಮಾಡಿದರೆ 1,500. ಯುನೈಟೆಡ್ ವಿಮಾನ ಸಂಸ್ಥೆಗೋ ಹಯಾತ್ ಹೋಟೆಲಿಗೋ ವರ್ಗಾಯಿಸಿಕೊಂಡು ದುಬಾರಿ ಸೀಟನ್ನೋ ಕೋಣೆಯನ್ನೋ ಹಿಡಿಯುವ ಜಾಣ್ಮೆಯುಳ್ಳವರಿಗೆ ಇನ್ನೂ ಹೆಚ್ಚು. ಆದರೆ ಲೆಕ್ಕ ಶುರುವಾಗಬೇಕಾದ್ದು ಅತಿ ಕಡಿಮೆ ಬೆಲೆಯಿಂದ. ವಾರ್ಷಿಕ ಶುಲ್ಕ 450 ಡಾಲರ್ ಕಳೆಯಿರಿ, ಪ್ರಯಾಣದ ಖರ್ಚಿಗೆಂದು ವಾಪಸ್ ಬರುವ 300 ಕೂಡಿಸಿ: 850. ಇಲ್ಲೊಂದು ಸೊಗಸಾದ ಸಂದಿ ಇತ್ತು. ಆಗ ಈ 300 ಡಾಲರ್ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಸಿಗುತ್ತಿದ್ದುದರಿಂದ, ಡಿಸೆಂಬರ್‌ನೊಳಗೆ ಒಮ್ಮೆ, ಜನವರಿಯ ನಂತರ ಇನ್ನೊಮ್ಮೆ ಬಳಸಿದವರಿಗೆ ಒಂದೇ ಶುಲ್ಕದಲ್ಲಿ 600 ಬಂತು. ಅವರ ಮೊತ್ತ 1,150.

ಬಹಳ ಜನ ಎಡವಿದ್ದು ಆ 4,000 ಡಾಲರಿನ ಗುರಿಯಲ್ಲಿ. ಕಾರ್ಡಿನ ಶುಲ್ಕ, ನಗದು ಮುಂಗಡ ಇದಕ್ಕೆ ಲೆಕ್ಕವಿಲ್ಲ. ತಿಂಗಳಿಗೆ 800 ಡಾಲರ್ ಮಾತ್ರ ಕಾರ್ಡಿನಲ್ಲಿ ಖರ್ಚು ಮಾಡುವ ಮನೆಗೆ ಮೂರು ತಿಂಗಳಲ್ಲಿ 2,400 ಆಗುತ್ತದೆ. ಮಿಕ್ಕ 1,600ಕ್ಕೆ ಬೇಡದ ಸಾಮಾನು ಕೊಂಡರೆ ಬೋನಸ್ಸಿನ ಲಾಭ ಅಲ್ಲೇ ಕರಗಿತು. ಬಾಕಿ ಉಳಿಸಿಕೊಂಡರಂತೂ ಶೇ. 20ರ ಬಡ್ಡಿಯಲ್ಲಿ 4,000ಕ್ಕೆ ತಿಂಗಳಿಗೆ ಸುಮಾರು 67 ಡಾಲರ್ ಕೈಬಿಟ್ಟುಹೋಗುತ್ತದೆ.

ಹಾಗಾಗಿ ಅರ್ಜಿ ಹಾಕುವ ಸಮಯವೇ ಅರ್ಧ ಗೆಲುವು. ಸ್ಯಾನ್ ಹೋಸೆಯ ಕನ್ನಡ ಕುಟುಂಬವೊಂದು ಡಿಸೆಂಬರ್ ರಜೆಗೆ ಬೆಂಗಳೂರಿಗೆ ನಾಲ್ಕು ಟಿಕೆಟ್ ಕೊಳ್ಳುವ ಹೊತ್ತಿಗೆ ಕಾರ್ಡ್ ಕೈಯಲ್ಲಿದ್ದರೆ, ಹೇಗೂ ಮಾಡಬೇಕಿದ್ದ ಖರ್ಚಿನಲ್ಲೇ ಗುರಿ ಮುಟ್ಟಬಹುದು. ಅದಕ್ಕೂ ಮುನ್ನ ನೋಡಬೇಕಾದ್ದು ಚೇಸ್‌ನ ‘ಐದು ಇಪ್ಪತ್ನಾಲ್ಕು’ ನಿಯಮ. ಕಳೆದ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನ ಐದು ಕಾರ್ಡ್ ತೆಗೆದುಕೊಂಡವರ ಅರ್ಜಿ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. 2025ರಲ್ಲಿ ಇದೇ ಕಾರ್ಡಿನ ಶುಲ್ಕ 795 ಡಾಲರಿಗೆ ಏರಿರುವುದರಿಂದ ಹಳೆಯ ಲೆಕ್ಕವನ್ನು ನಂಬಿ ಇಂದು ಅರ್ಜಿ ಹಾಕುವಂತಿಲ್ಲ.

ಇದೇ ಲೆಕ್ಕವನ್ನು ಭಾರತದ ಕಾರ್ಡಿಗೆ ಹಾಕುವಾಗ ಸೇರ್ಪಡೆ ಶುಲ್ಕದ ಮೇಲಿನ ಶೇ. 18 ಜಿಎಸ್‌ಟಿಯನ್ನೂ ಕಳೆಯಬೇಕು. ಬಂದ ಪಾಯಿಂಟನ್ನು ಕೂಡಿಟ್ಟು ಕಾಯುವುದೂ ಅಪಾಯವೇ. ಆಕ್ಸಿಸ್ ಬ್ಯಾಂಕಿನ ಸಾಮಾನ್ಯ ಮ್ಯಾಗ್ನಸ್ ಕಾರ್ಡಿನಲ್ಲಿ ಐದು ಪಾಯಿಂಟಿಗೆ ವಿಮಾನ ಸಂಸ್ಥೆಗಳ ನಾಲ್ಕು ಮೈಲಿ ಸಿಗುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ ಅದು ಎರಡೇ ಆಯಿತು. ಲಕ್ಷ ಪಾಯಿಂಟನ್ನು ಆಗಸ್ಟ್‌ನಲ್ಲೇ ವರ್ಗಾಯಿಸಿಕೊಂಡವರಿಗೆ 80,000 ಮೈಲಿ ಸಿಕ್ಕಿತು, ಸೆಪ್ಟೆಂಬರ್‌ವರೆಗೆ ಕಾದವರಿಗೆ 40,000.